ಕ್ಯಾಪ್ಟನ್ ಹೆಸರಿನ ಮುಂದೆ ಎರಡು ಚುಕ್ಕೆ

ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ಲಕ್ಷ್ಮಿ ಚಿತ್ರದ ಕ್ಯಾಲೆಂಡರ್ ತೂಗುತ್ತದೆ. ಹಾಲು ಬಾರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ಅತ್ತೆಯ ಮಾತ್ರೆ ಮುಗಿಯುವ ದಿನ, ಎಲ್ಲಕ್ಕೂ ಅದರಲ್ಲೇ ಗುರುತು ಹಾಕುತ್ತೇನೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಹಾಗೇ. ನನ್ನ ಗುರುತು ತಪ್ಪಿದ್ದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹೇಳಿಕೊಳ್ಳದಿದ್ದರೂ ಆ ಹೆಮ್ಮೆ ನನಗೆ ಇತ್ತು.

ಅದೇ ಮೊಳೆಗೆ, ಕ್ಯಾಲೆಂಡರಿನ ಪಕ್ಕಕ್ಕೆ, ಈ ವರ್ಷವೂ ಇನ್ನೊಂದು ಹಾಳೆ ನೇತು ಹಾಕಿದ್ದೆ. ಅದು ಕೆಸರೆಯ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಆಟಗಾರರ ಪಟ್ಟಿ. ನಮ್ಮ ಮನೆಯವರಿಗೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಹಗಲೆಲ್ಲ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ, ಬೆಳಿಗ್ಗೆ ಮತ್ತು ಸಂಜೆ ಕ್ಲಬ್ಬಿಗೆ ಕೋಚ್. ಜರ್ಸಿ ಒಗೆಯುವುದು, ನಂಬರು ಕಿತ್ತುಬಂದರೆ ಹೊಲಿಯುವುದು, ಆಟದ ದಿನ ನಿಂಬೆ ಪಾನಕ ಮಾಡಿಕೊಂಡು ಹೋಗುವುದು ನನ್ನ ಕೆಲಸ. ಪಟ್ಟಿಯ ಕೆಲಸ ಆಮೇಲೆ ಸೇರಿಕೊಂಡದ್ದು.

ಸೇರಿಕೊಂಡದ್ದಕ್ಕೆ ಕಾರಣ ಇದೆ. ನಾವು ಆಡುವ ಟೂರ್ನಮೆಂಟಿನಲ್ಲಿ ಬೇರೆ ಬೇರೆ ಆಟ ಸೇರಿ ಎರಡು ಹಳದಿ ಕಾರ್ಡ್ ಆದವನು ಮುಂದಿನ ಆಟದಲ್ಲಿ ಹೊರಗೆ ಕೂರಬೇಕು. ಲೆಕ್ಕ ಇಟ್ಟುಕೊಳ್ಳುವುದು ಆಯಾ ಕ್ಲಬ್ಬಿನ ಜವಾಬ್ದಾರಿ. ಎರಡು ವರ್ಷದ ಹಿಂದೆ ನಮ್ಮವರು ಮರೆತು ಅಂಥ ಒಬ್ಬನನ್ನು ಇಳಿಸಿಬಿಟ್ಟರು. ಎದುರಿಗಿದ್ದದ್ದು ಉದಯಗಿರಿಯ ಕ್ಲಬ್ಬು, ನಮ್ಮ ಹಳೆಯ ಎದುರಾಳಿ. ಅವರ ಮ್ಯಾನೇಜರ್ ಪ್ರೊಟೆಸ್ಟ್ ಬರೆದುಕೊಟ್ಟರು, ಗೆದ್ದ ಆಟ ಸೋತ ಆಟವಾಯಿತು. ಅವತ್ತು ಮನೆಗೆ ಬಂದು ಇವರು ಅನ್ನದ ತಟ್ಟೆಯ ಮುಂದೆ ಕೂತು ಹೇಳಿದ್ದು ಇಷ್ಟೇ: "ಇನ್ಮೇಲೆ ಕಾರ್ಡಿನ ಲೆಕ್ಕ ನೀನಿಟ್ಕೊ ಕಣೇ. ನಿನ್ ಕೈಲಿ ತಪ್ಪಲ್ಲ."

ಹಾಳೆಯಲ್ಲಿ ಹೆಸರುಗಳನ್ನು ಸಾಲಾಗಿ ಬರೆದು, ಪ್ರತಿ ಹೆಸರಿನ ಮುಂದೆ ಮೂರು ಮನೆ ಎಳೆದಿದ್ದೆ: ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್. ಕಾರ್ಡು ಹಳದಿ, ಮನೆಯಲ್ಲಿ ಇದ್ದದ್ದು ನೀಲಿ ಪೆನ್ನು ಮಾತ್ರ. ಬೆಂಕಿಕಡ್ಡಿಯ ತುದಿಯನ್ನು ಅರಿಶಿನದ ನೀರಿಗೆ ಅದ್ದಿ ಚುಕ್ಕೆ ಇಡುತ್ತಿದ್ದೆ. ಒಂದು ಕಾರ್ಡಿಗೆ ಒಂದು ಚುಕ್ಕೆ. ಗೋಡೆಯ ಮೇಲಿದ್ದರಿಂದ ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳುತ್ತಿತ್ತು.

ಪಟ್ಟಿಯ ಮೊದಲ ಹೆಸರು ಕ್ಯಾಪ್ಟನ್‌ದು. ಮೂವತ್ತಾರು ವರ್ಷ, ಬಿಲ್ಡಿಂಗ್ ಪೇಂಟರ್. ಹದಿನೇಳನೆಯ ವಯಸ್ಸಿನಿಂದ ನಮ್ಮ ಕ್ಲಬ್ಬಿನ ಸ್ಟಾಪರ್, ನಾಲ್ಕನೇ ನಂಬರ್. ಗೋಲಿನ ಮುಂದೆ ಅವನು ನಿಂತರೆ ಇವರು ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ನನ್ನನ್ನು ಅತ್ತಿಗೆ ಅನ್ನುತ್ತಿದ್ದ, ಅತ್ತೆಯನ್ನು ಅಜ್ಜಿ ಅನ್ನುತ್ತಿದ್ದ. ಪ್ರಾಕ್ಟೀಸ್ ಮುಗಿಸಿ ಭಾನುವಾರ ನಮ್ಮಲ್ಲೇ ತಿಂಡಿ. ಮೂರು ಫೈನಲ್ ಆಡಿದ್ದ, ಮೂರನ್ನೂ ಉದಯಗಿರಿಯವರ ಎದುರೇ ಸೋತಿದ್ದ. ಮಂಡಿ ಕೈಕೊಡುತ್ತಾ ಬಂದಿತ್ತು. ಈ ಮಂಡಿ ಹೋದರೆ ಏಣಿ ಹತ್ತುವವರು ಯಾರು ಎಂದು ಹೆಂಡತಿ ಹಟ ಹಿಡಿದಿದ್ದಳು. ಈ ಕಪ್ ಮುಗಿದ ಮೇಲೆ ಬೂಟು ಮುಟ್ಟುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ. "ಒಂದೇ ಒಂದ್ಸಲ ಆ ಕಪ್ಪು ಕೈಯಲ್ಲಿ ಹಿಡ್ದು ಮನೆಗೆ ಹೋಗ್ಬೇಕು ಅತ್ಗೆ" ಅನ್ನುತ್ತಿದ್ದ, ಉಪ್ಪಿಟ್ಟು ತಿನ್ನುತ್ತಾ, ಯಾವುದೋ ಸಣ್ಣ ವಿಷಯ ಹೇಳುವವನ ಹಾಗೆ.

ಸೆಮಿಫೈನಲ್ ಗೆದ್ದೆವು. ಎದುರು ಆಟಗಾರನಿಗೆ ಅಡ್ಡಗಾಲು ಕೊಟ್ಟದ್ದಕ್ಕೆ ಕ್ಯಾಪ್ಟನ್‌ಗೆ ಹಳದಿ ಕಾರ್ಡ್ ಆಯಿತು. ಫೈನಲಿನಲ್ಲಿ ಮತ್ತೆ ಉದಯಗಿರಿಯವರೇ. ಮನೆಗೆ ಬಂದು ಜರ್ಸಿಗಳನ್ನು ನೆನೆಹಾಕಿ, ಕೈ ಒರೆಸಿಕೊಂಡು, ಅವನ ಹೆಸರಿನ ಮುಂದೆ ಎರಡನೆಯ ಮನೆಯಲ್ಲಿ ಚುಕ್ಕೆ ಇಟ್ಟೆ. ಇಟ್ಟ ಮೇಲೆ ನೋಡುತ್ತೇನೆ, ಮೊದಲ ಮನೆಯಲ್ಲೂ ಒಂದು ಚುಕ್ಕೆ ಇದೆ.

ಸ್ವಲ್ಪ ದೊಡ್ಡ ಚುಕ್ಕೆ. ಕಡ್ಡಿಗೆ ಅರಿಶಿನ ಹೆಚ್ಚು ಹತ್ತಿರಬೇಕು ಅಂದುಕೊಂಡೆ. ಕ್ವಾರ್ಟರ್ ಫೈನಲಿನಲ್ಲಿ ಗೋಲಿನ ಮುಂದೆ ನೂಕುನುಗ್ಗಲಾಗಿ, ಧೂಳಿನ ನಡುವೆ ರೆಫ್ರಿ ಕಾರ್ಡು ಎತ್ತಿದ್ದು ನೆನಪಿತ್ತು. ಎದುರಿಗೆ ಕ್ಯಾಪ್ಟನ್ ನಿಂತಿದ್ದದ್ದೂ ನೆನಪಿತ್ತು. ಚುಕ್ಕೆ ನೋಡುತ್ತಾ ನಿಂತ ಹಾಗೆ ಆ ನೆನಪು ಇನ್ನೂ ಸ್ಪಷ್ಟವಾಯಿತು. ಕಾರ್ಡು ಅವನ ಮೂಗಿನ ನೇರಕ್ಕೇ ಇತ್ತು.

ಎರಡು ಕಾರ್ಡ್ ಆಗಿದೆ, ಫೈನಲ್ ಆಡುವಂತಿಲ್ಲ ಎಂದು ಇವರು ಫೋನ್ ಮಾಡಿದ್ದಕ್ಕೆ ಮರುದಿನ ಸಂಜೆ ಕ್ಯಾಪ್ಟನ್ ಬಣ್ಣದ ಕಲೆಯ ಅಂಗಿಯಲ್ಲೇ ಓಡಿ ಬಂದ. ಅತ್ತೆ ಒಳಗೆ ಟಿ.ವಿ. ಜೋರಾಗಿ ಹಾಕಿಕೊಂಡು ಕೂತಿದ್ದರು. ಅವರಿಗೆ ಕಿವಿ ಮಂದ.

"ಅತ್ಗೆ, ಕ್ವಾರ್ಟರ್ ಫೈನಲಲ್ಲಿ ನಂಗೆ ಕಾರ್ಡ್ ಕೊಟ್ಟಿಲ್ಲ ಕಣತ್ಗೆ. ನನ್ ಮುಂದೆ ಇದ್ನಲ್ಲ, ಆ ಕಡೆಯವ್ನು, ಅವ್ನಿಗೆ ಕೊಟ್ಟಿದ್ದು."

"ಗಲಾಟೇಲಿ ನಿಂಗೆ ಗೊತ್ತಾಗಿಲ್ಲ ಕಣಪ್ಪ."

"ನಂಗೆ ಕೊಟ್ಟಿದ್ದು ನಂಗೆ ಗೊತ್ತಾಗಲ್ವಾ? ಅಣ್ಣಾ, ನೀವಾದ್ರೂ ಹೇಳಿ."

ಇವರು ನನ್ನ ಕಡೆ ತಿರುಗಿದರು. "ನೀನು ನೋಡ್ದ್ಯೇನೇ?"

"ಕಣ್ಣಾರೆ ನೋಡ್ದೆ ಕಣ್ರೀ" ಅಂದೆ.

ಆ ಮಾತು ಅಷ್ಟು ಸಲೀಸಾಗಿ ಬಾಯಿಂದ ಬಂತು. ಇವರು ಟೂರ್ನಮೆಂಟಿನ ಕಾರ್ಯದರ್ಶಿಗೆ ಫೋನ್ ಮಾಡಿದರು. ರೆಫ್ರಿ ಬರೆದ ಚೀಟಿಗಳೆಲ್ಲ ಒಂದು ಕಟ್ಟಿನಲ್ಲಿವೆ, ಹುಡುಕಬೇಕು, ನಿಮ್ಮಲ್ಲೇ ಬರೆದಿಟ್ಟದ್ದು ಇದ್ದರೆ ಅದರಂತೆ ನಡೆಯಿರಿ, ಆಮೇಲೆ ತಕರಾರಾದರೆ ನಮ್ಮನ್ನು ಕೇಳಬೇಡಿ ಎಂದರು ಅವರು. ಇವರು ಒತ್ತಾಯ ಮಾಡಲಿಲ್ಲ. ಪಟ್ಟಿ ಗೋಡೆಯ ಮೇಲೇ ಇತ್ತಲ್ಲ. ಕ್ಯಾಪ್ಟನ್ ಹೊಸಿಲಿನ ಆಚೆ ನಿಂತು ಒಂದು ಗಳಿಗೆ ಹಾಳೆಯನ್ನು ನೋಡಿದ. ಕಾಫಿಗೆ ಕರೆದೆ. "ಬ್ಯಾಡ ಬುಡಿ" ಅಂದು ಹೊರಟುಹೋದ.

ಫೈನಲಿನ ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಅತ್ತೆ ಈ ಸಲ ನಾನೂ ಬರುತ್ತೇನೆ ಎಂದು ಕೊಡೆ ಹಿಡಿದು ಬಂದಿದ್ದರು. ಕ್ಯಾಪ್ಟನ್ ಆಡುವುದಿಲ್ಲ ಎಂದು ಅವರಿಗೆ ಹೇಳಿರಲಿಲ್ಲ, ನೊಂದುಕೊಳ್ಳುತ್ತಾರೆ ಎಂದು. ಅವನೂ ಬಂದಿದ್ದ. ಚೆಕ್ಸ್ ಅಂಗಿ, ಕಾಲಲ್ಲಿ ಚಪ್ಪಲಿ, ಮೈದಾನದ ಆಚೆ ತುದಿಯ ಹೊಂಗೆ ಮರದ ಕೆಳಗೆ ಒಬ್ಬನೇ. ನಮ್ಮವರು ಯಾರೂ ಅವನ ಹತ್ತಿರ ಹೋಗಲಿಲ್ಲ. ಏನು ಮಾತಾಡುವುದು?

ಆಟಕ್ಕೆ ಮೊದಲು ಹದಿನೆಂಟು ಹೆಸರು ಬರೆದುಕೊಡಬೇಕು. ಇವರು ಹದಿನೇಳು ಬರೆದು, ಕೊನೆಯ ಸಾಲು ಖಾಲಿ ಬಿಟ್ಟು ಕೊಟ್ಟರು. ಇನ್ನೊಂದು ಹೆಸರು ಬರೆಯಲು ಕೈ ಬರಲಿಲ್ಲ ಎಂದು ನನ್ನ ಹತ್ತಿರ ಮಾತ್ರ ಹೇಳಿದರು.

ಇಪ್ಪತ್ತನೆಯ ನಿಮಿಷಕ್ಕೆ ಉದಯಗಿರಿಯವರು ಗೋಲು ಹೊಡೆದರು. ಕ್ಯಾಪ್ಟನ್ ನಿಲ್ಲುತ್ತಿದ್ದ ಜಾಗದಿಂದಲೇ ಚೆಂಡು ಒಳಗೆ ನುಗ್ಗಿತು. ಅವರ ಕಡೆಯ ಜನ ತಗಡು ಬಡಿದು ಕುಣಿದರು. "ಏಯ್ ಗೋಲ್‌ಕೀಪ್ರೂ, ಕೈಗೆ ಹರಳೆಣ್ಣೆ ಹಚ್ಕೊಂಡ್ ಬಂದಿದ್ಯೇನೋ?" ಎಂದು ಒಬ್ಬ. "ಕೆಸರೆಯವ್ರು ಕಪ್ಪು ನೋಡ್ಕೊಂಡ್ ಹೋಗಕ್ ಬಂದವ್ರೆ, ಎತ್ಕೊಂಡ್ ಹೋಗಕ್ಕಲ್ಲ ಕಣ್ರೋ!" ಎಂದು ಇನ್ನೊಬ್ಬ. ನಮ್ಮ ಹಿಂಬದಿಯಲ್ಲಿ ಬಿರುಕು ಬಿಟ್ಟಿತ್ತು. ಒಬ್ಬ ಮುಂದೆ ಹೋದರೆ ಹಿಂದೆ ಯಾರೂ ಇಲ್ಲ. ಮತ್ತೊಂದು ಗೋಲು ಆಗದೆ ಹಾಫ್ ಟೈಮ್ ಆಗಿದ್ದೇ ಹೆಚ್ಚು.

ಪಾನಕದ ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದೆ. ಅತ್ತೆ ಕೊಡೆಯಿಂದ ಮರದ ಕಡೆ ತೋರಿಸಿದರು.

"ಅವ್ನ್ಯಾಕಮ್ಮ ಅಲ್ಲಿ ಕೂತವ್ನೆ? ಕಾಲು ನೋವಾ?"

"ಇಲ್ಲ ಅತ್ತೆ. ಎರಡು ಹಳದಿ ಕಾರ್ಡ್ ಆಗಿದೆ. ಆಡೋ ಹಾಗಿಲ್ಲ."

"ಎರಡು ಏನು?"

ಕಿವಿಯ ಹತ್ತಿರ ಬಾಗಿ ಕೂಗಿದೆ. "ಹಳದಿ ಚುಕ್ಕೆ ಅತ್ತೆ! ಪಟ್ಟೀಲಿ ಅವನ ಹೆಸರಿನ ಮುಂದೆ ಎರಡಿದೆ!"

"ಅದ್ರಲ್ಲಿ ಒಂದು ನಾನಿಟ್ಟಿದ್ದಲ್ವಾ?"

ನನ್ನ ಕೈಯಲ್ಲಿದ್ದ ಮುಚ್ಚಳ ಹಾಗೇ ಉಳಿಯಿತು.

"ಹೋದ್ ಶುಕ್ರವಾರದ ಹಿಂದಿನ ಶುಕ್ರವಾರ ಕಣಮ್ಮ. ನೀನು ತರಕಾರಿಗೆ ಹೋಗಿದ್ದೆ. ಲಕ್ಷ್ಮಿಗೆ ಇಟ್ಟ ಅರಿಶಿನ ಬೆರಳಲ್ಲೇ ಇತ್ತು. ಮೇಲ್ಗಡೆ ಇರೋದು ನನ್ ಹೆಸ್ರು ಅಜ್ಜಿ ಅಂತ ಅವ್ನೇ ಒಂದಿನ ತೋರ್ಸಿದ್ದ. ಈ ಸರ್ತಿನಾದ್ರೂ ಗೆಲ್ಲಲಿ ಅಂತ ಅವ್ನ ಹೆಸ್ರಿಗೊಂದು ಬೊಟ್ಟು ಇಟ್ಟೆ. ಹೆಸ್ರ ಮೇಲೇ ಇಟ್ರೆ ಅಕ್ಷರ ಮುಚ್ಚೋಗುತ್ತೆ ಅಂತ ಪಕ್ಕದ ಖಾಲಿ ಮನೇಲಿ ಇಟ್ಟೆ."

ಅವರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಮಾಧಾನ ಇತ್ತು. ನಾನು ಸೆರಗು ಸಿಕ್ಕಿಸಿಕೊಂಡು, ಸುಣ್ಣದ ಗೆರೆ ದಾಟಿ, ನಮ್ಮ ಹುಡುಗರ ನಡುವೆ ನುಗ್ಗಿ ಇವರ ತೋಳು ಹಿಡಿದೆ. ಇಷ್ಟು ವರ್ಷದಲ್ಲಿ ನಾನು ಆ ಗೆರೆ ದಾಟಿದ್ದು ಅದೇ ಮೊದಲು.

"ರೀ, ಅವನಿಗೆ ಒಂದೇ ಕಾರ್ಡು. ಇನ್ನೊಂದು ಅತ್ತೆ ಪೂಜೇಲಿ ಇಟ್ಟ ಅರಿಶಿನ."

ಅವರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀನೇ ನೋಡ್ದೆ ಅಂದ್ಯಲ್ಲೇ" ಅಂದರು, ಮೆಲ್ಲಗೆ, ಅಷ್ಟೇ. ಆಮೇಲೆ ಇಬ್ಬರೂ ಶಾಮಿಯಾನದ ಕೆಳಗಿನ ಕಾರ್ಯದರ್ಶಿಯ ಮೇಜಿಗೆ ಓಡಿದೆವು.

ಕಾರ್ಯದರ್ಶಿ ಒಪ್ಪಲಿಲ್ಲ. "ಲಿಸ್ಟ್ ಕ್ಲೋಸ್ ಆಯ್ತಲ್ಲ ಸಾರ್. ಶುರು ಆದ್ಮೇಲೆ ಹೆಸ್ರು ಸೇರ್ಸೋ ಹಾಗಿಲ್ಲ."

"ಸಾಲು ಖಾಲಿ ಇದೆ ಸಾರ್. ನೋಡಿ, ಹದಿನೆಂಟನೇದು."

"ಇದ್ರೆ? ಅವ್ರ ಮ್ಯಾನೇಜರ್ ಒಪ್ಪಿ ಸೈನ್ ಹಾಕಿದ್ರೆ ನಂದೇನೂ ಅಭ್ಯಂತರ ಇಲ್ಲ."

ಆ ಮ್ಯಾನೇಜರ್! ಉದಯಗಿರಿಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ದಪ್ಪನೆಯ ಮನುಷ್ಯ. ಎರಡು ವರ್ಷದ ಹಿಂದೆ ಪ್ರೊಟೆಸ್ಟ್ ಬರೆದುಕೊಟ್ಟವರು. ಅವತ್ತಿನಿಂದ ಇವರಿಬ್ಬರಿಗೂ ಮಾತಿಲ್ಲ. ಕರೆಸಿದರು. ಕೊರಳಿಗೆ ಟವೆಲ್ ಹಾಕಿಕೊಂಡು ನಿಧಾನಕ್ಕೆ ಬಂದರು.

"ಏನ್ ಸ್ವಾಮಿ, ಹಾಫ್ ಟೈಮಲ್ಲಿ ಹೊಸ ಪ್ಲೇಯರ್ ಹುಟ್ಟಿದ್ನಂತೆ?"

ನಾನೇ ಹೇಳಿದೆ. ಕಡ್ಡಿ, ಅರಿಶಿನ, ಶುಕ್ರವಾರ, ಅತ್ತೆ, ಎಲ್ಲ. ಹೇಳುತ್ತಾ ಹೇಳುತ್ತಾ ನನಗೇ ಅದು ಎಂಥದೋ ಹುಚ್ಚು ಕಥೆಯಂತೆ ಕೇಳಿಸಿತು. ಅವರು ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ರೆಫ್ರಿ ಚೀಟಿ ತೆಗೀರಿ ಸಾರ್" ಅಂದರು ಕಾರ್ಯದರ್ಶಿಗೆ.

ಅಷ್ಟರಲ್ಲಿ ಸೀಟಿ ಊದಿ ಆಟ ಮತ್ತೆ ಶುರುವಾಗಿತ್ತು. ಕಟ್ಟು ಬಿಚ್ಚಿ ಒಂದೊಂದೇ ಚೀಟಿ ಮಗುಚಿದರು. ಗಾಳಿಗೆ ಎರಡು ಹಾರಿದವು, ಓಡಿ ಹಿಡಿದೆ. ನಮ್ಮ ಕಡೆ ಮತ್ತೊಂದು ಗೋಲು ಆಗುತ್ತಿದೆಯೋ ಏನೋ ಎಂದು ತಿರುಗಿ ನೋಡಲೂ ಧೈರ್ಯವಿಲ್ಲ. ಕೊನೆಗೆ ಕ್ವಾರ್ಟರ್ ಫೈನಲಿನ ಚೀಟಿ ಸಿಕ್ಕಿತು. ನಮ್ಮವರದು ಎರಡು ನಂಬರು, ಎದುರಿನವರದು ಒಂದು. ನಮ್ಮ ಎರಡರಲ್ಲಿ ಕ್ಯಾಪ್ಟನ್‌ನ ನಾಲ್ಕು ಇರಲಿಲ್ಲ. ಹುಡುಕಲು ಐದು ನಿಮಿಷ ಹಿಡಿದಿತ್ತು. ಆ ಐದು ನಿಮಿಷವನ್ನು ಒಂದು ವಾರದ ಹಿಂದೆ ನಾವು ಕೇಳಿರಲಿಲ್ಲ.

ಅವರ ಬೆಂಚಿನ ಹುಡುಗರು ಬಂದು ಮುತ್ತಿಕೊಂಡರು. "ಸೈನ್ ಹಾಕ್ಬೇಡಿ ಅಣ್ಣ! ಅವ್ರ್ ತಪ್ಪು, ಅವ್ರೇ ಅನುಭವಿಸ್ಲಿ!"

"ಸುಮ್ನಿರ್ರೋ. ಮೂರು ಸಲ ಅವ್ನ ಎದುರು ಆಡಿ ಗೆದ್ದಿದ್ದೀವಿ. ಈ ಸಲ ಅವ್ನಿಲ್ದೆ ಗೆದ್ರೆ ಟೀ ಅಂಗಡೀಲಿ ಏನಂತ ಹೇಳ್ಕೋತೀರಾ?" ಅಂದವರೇ ಪೆನ್ನು ತೆಗೆದುಕೊಂಡರು. ಸೈನ್ ಹಾಕುತ್ತಾ ನನಗೆ ಹೇಳಿದರು: "ಅವತ್ತು ನಿಮ್ದು ತಪ್ಪಿತ್ತು ತಂಗ್ಯಮ್ಮ, ಬರ್ದುಕೊಟ್ಟೆ. ಇವತ್ತು ಇಲ್ಲ."

ನಾನು ಮೈದಾನದ ಸುತ್ತ ಹೊಂಗೆ ಮರದ ಕಡೆ ಓಡಿದೆ. ಐವತ್ತರ ಹತ್ತಿರದ ಹೆಂಗಸು ಸೀರೆ ಎತ್ತಿ ಹಿಡಿದು ಓಡುವುದನ್ನು ನೋಡಿ ಜನ ಶಿಳ್ಳೆ ಹಾಕಿದರು. ಅವನು ಎದ್ದು ನಿಂತಿದ್ದ, ಹೊರಡುವವನಂತೆ.

"ಬಾರಪ್ಪ, ಆಡು ಬಾ. ನಿಂಗೆ ಒಂದೇ ಕಾರ್ಡು. ತಪ್ಪು ನಂದೇ."

ಅವನು ನನ್ನನ್ನೇ ನೋಡಿದ. ಒಂದು ವಾರದ ಹಿಂದೆ ಅವನು ಹೇಳಿದ್ದು ಅದನ್ನೇ. ಈಗ ನಾನು ಏದುಸಿರು ಬಿಡುತ್ತಾ ಅದೇ ಮಾತನ್ನು ಅವನಿಗೆ ಸುದ್ದಿಯಂತೆ ಹೇಳುತ್ತಿದ್ದೆ.

"ಬೂಟ್ ತಂದಿಲ್ಲ ಅತ್ಗೆ" ಅಂದ.

ನಮ್ಮ ಬೆಂಚಿನವನೊಬ್ಬ ತನ್ನ ಬೂಟು ಬಿಚ್ಚಿ ಕೊಟ್ಟ. ಒಂದು ಸೈಜು ಚಿಕ್ಕದು. ಕಾಲ್ಚೀಲ ಹಾಕಿದರೆ ಹಿಡಿಸಲಿಲ್ಲ, ಬರಿಗಾಲನ್ನೇ ತುರುಕಿಕೊಂಡ. ಅವನ ಜರ್ಸಿ ಬೇರೆಯವರ ಮೈಮೇಲಿತ್ತು, ಹದಿನೆಂಟನೇ ನಂಬರಿನದು ಕೊಟ್ಟೆ. ಅವನು ಇಳಿದಾಗ ಮುಗಿಯಲು ಅರ್ಧ ಗಂಟೆಯೂ ಇರಲಿಲ್ಲ.

ಇಳಿದದ್ದೇ ಹಿಂಬದಿ ಗಟ್ಟಿಯಾಯಿತು. ಅವನು ಕೂಗುವುದು ಈ ಬದಿಗೂ ಕೇಳುತ್ತಿತ್ತು: "ಎಡಕ್ಕೋ! ಬುಡ್ಬೇಡ, ಬುಡ್ಬೇಡ!" ಆದರೆ ಹೆಜ್ಜೆ ಊರುವಾಗೆಲ್ಲ ಅವನ ಮುಖ ಕಿವುಚಿಕೊಳ್ಳುತ್ತಿತ್ತು. ಅದು ಮಂಡಿಯೋ ಬೂಟೋ ಗೊತ್ತಾಗಲಿಲ್ಲ. ನಾನು ಅತ್ತೆಯ ಕೊಡೆಯ ಕೋಲನ್ನು ಹಿಡಿದುಕೊಂಡಿದ್ದೆ. ನಿಮಿಷಗಳು ಕಳೆಯುತ್ತಿದ್ದವು. ಸಿಕ್ಕ ಅವಕಾಶವೆಲ್ಲ ಗೋಲಿನ ಮೇಲೋ ಪಕ್ಕಕ್ಕೋ. ಇವರು ಗೆರೆಯ ಉದ್ದಕ್ಕೂ ನಡೆದು ನಡೆದು, ಕೊನೆಗೆ ನೆಲದ ಮೇಲೆ ಕೂತುಬಿಟ್ಟರು.

ಕೊನೆಯ ಕಾರ್ನರಿಗೆ ಕ್ಯಾಪ್ಟನ್ ಕುಂಟುತ್ತಾ ಮುಂದೆ ಹೋದ. ಚೆಂಡು ಎತ್ತರಕ್ಕೆ ಬಂತು. ಎಲ್ಲರ ನಡುವಿನಿಂದ ಹದಿನೆಂಟು ನಂಬರಿನ ಬೆನ್ನು ಮೇಲೆದ್ದಿತು. ತಲೆ ತಾಗಿದ ಸದ್ದು ಕೇಳಿಸಿತು. ಬಲೆ ಅಲುಗಿತು.

ಯಾರು ಯಾರನ್ನು ತಬ್ಬಿಕೊಂಡರೋ. ನಾನು ಮಾತ್ರ ನಿಂತಲ್ಲೇ ಅಳುತ್ತಿದ್ದೆ. ದೇವರು ನನ್ನ ತಪ್ಪನ್ನು ಮುಚ್ಚಿಹಾಕಲು ಹೊರಟಿದ್ದಾನೆ ಅನ್ನಿಸಿತು. ಆ ಟೂರ್ನಮೆಂಟಿನಲ್ಲಿ ಹೆಚ್ಚುವರಿ ಸಮಯ ಇಲ್ಲ, ನೇರ ಟೈಬ್ರೇಕರ್. ಐದೈದು ಪೆನಾಲ್ಟಿ.

ಅವರು ಮೊದಲು. ಅವರದು ಒಳಗೆ, ನಮ್ಮದು ಒಳಗೆ. ಹೀಗೇ ನಾಲ್ಕು ಸುತ್ತು. ಅವರ ಐದನೆಯವನದೂ ಒಳಗೆ ಹೋಯಿತು. ನಮ್ಮ ಐದನೆಯದು ಕ್ಯಾಪ್ಟನ್. ಹಾಕಿದರೆ ಉಳಿದೆವು, ಇಲ್ಲದಿದ್ದರೆ ಮುಗಿಯಿತು.

ಚೆಂಡು ಇಟ್ಟು ಹಿಂದಕ್ಕೆ ನಡೆದ. ಒಂದು ಗಳಿಗೆ ಬಾಗಿ ಬಲಗಾಲ ಬೂಟಿನ ಲೇಸನ್ನು ಸಡಿಲ ಮಾಡಿಕೊಂಡ. ನನಗೆ ನೋಡಲಾಗಲಿಲ್ಲ, ಆದರೂ ನೋಡಿದೆ. ಈ ಸಲ ನಿಜವಾಗಿ ನೋಡಬೇಕು ಎಂದು ಕಣ್ಣು ಮಿಟುಕಿಸದೆ ನೋಡಿದೆ. ಓಡಿ ಬಂದ, ಹೊಡೆದ. ಗೋಲ್‌ಕೀಪರ್ ಆ ಕಡೆ ಬಿದ್ದ, ಚೆಂಡು ಈ ಕಡೆ ಹೋಯಿತು. ಕಂಬಕ್ಕೆ ಬಡಿದು ಹೊರಗೆ ಹಾರಿತು.

ಉದಯಗಿರಿಯವರೆಲ್ಲ ಮೈದಾನಕ್ಕೆ ನುಗ್ಗಿದರು. ಅವರ ನಡುವೆ ಅವನು ಅಲ್ಲೇ ನಿಂತಿದ್ದ, ಆ ಸುಣ್ಣದ ಗುರುತಿನ ಪಕ್ಕದಲ್ಲೇ, ಜನ ಡಿಕ್ಕಿ ಹೊಡೆದರೂ ಅಲುಗದೆ. ಅವರ ಮ್ಯಾನೇಜರ್ ಬಂದು ಅವನ ಬೆನ್ನಿನ ಮೇಲೆ ಕೈಯಿಟ್ಟು ಏನೋ ಹೇಳಿದರು. ಅವನು ತಲೆಯಾಡಿಸಿದ.

ಬೆಂಚಿನ ಹತ್ತಿರ ಬೂಟು ಬಿಚ್ಚಲು ಇಬ್ಬರು ಬೇಕಾಯಿತು. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ, ಹಿಮ್ಮಡಿಯ ಚರ್ಮ ಬೂಟಿಗೇ ಅಂಟಿಕೊಂಡಿತ್ತು. ನೀರು ತೆಗೆದುಕೊಂಡು ಮುಂದೆ ಕೂತೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. "ಕೊಡಿ ಅತ್ಗೆ, ನಾನೇ ತೊಳ್ಕೋತೀನಿ." ಮೈದಾನದ ಆ ತುದಿಯಲ್ಲಿ ಕಪ್ಪನ್ನು ಮೇಲೆತ್ತಿದ ಕೂಗು ಕೇಳಿಸಿತು. ಅವನು ತಲೆ ಎತ್ತಲಿಲ್ಲ. ಇವರು ಅವನ ಪಕ್ಕದಲ್ಲೇ ಕೂತಿದ್ದರು.

ಮುಂದಿನ ಭಾನುವಾರ ಅವನು ತಿಂಡಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಇವರು ಕೇಳಿದರೆ ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದ, ಕೆಲಸ ಜಾಸ್ತಿ ಅಂತ. ಮೂರನೆಯ ವಾರ ಯಾದವಗಿರಿಯಲ್ಲಿ ಕೆಲಸ ಎಂದು ತಿಳಿದು, ಬಸ್ಸು ಹತ್ತಿ ನಾನೇ ಹೋದೆ. ದೊಡ್ಡ ಕಾಂಪೌಂಡಿನ ಹಳೇ ಬಂಗಲೆ. ಸಾರವೆ ಕಟ್ಟಿಕೊಂಡು, ಮೇಲಿನ ಕಿಟಕಿಯ ಪಕ್ಕ ಗೋಡೆ ಉಜ್ಜುತ್ತಿದ್ದ. ನನ್ನನ್ನು ನೋಡಿ ಕೆಳಗಿಳಿದ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ಇಳಿದ.

"ಇಲ್ಲಿಗ್ಯಾಕ್ ಬರಕ್ಕೋದ್ರಿ ಅತ್ಗೆ?"

ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ತಪ್ಪಾಯ್ತು ಕಣಪ್ಪ" ಅಂದೆ.

ಅವನು ಕೈಗೆ ಮೆತ್ತಿದ್ದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಅಜ್ಜಿ ಬೊಟ್ಟು ಇಟ್ಟಿದ್ದು ಬುಡಿ. ಅವ್ರು ಒಳ್ಳೇದಕ್ಕೇ ಇಟ್ಟಿದ್ದು. ಪೆನಾಲ್ಟಿ ನಾನೇ ಹೊರಗೆ ಹೊಡ್ದೆ, ಅದಕ್ಕೆ ನೀವೇನ್ ಮಾಡ್ತೀರಾ. ಒಂದೇ ಒಂದು ಕೇಳ್ಬೇಕು ಅಂತಿದ್ದೆ. ಅಣ್ಣ ಕೇಳ್ದಾಗ ಕಣ್ಣಾರೆ ನೋಡ್ದೆ ಅಂದ್ರಲ್ಲ, ನಿಜ್ವಾಗ್ಲೂ ನೋಡಿದ್ರಾ?"

ನೋಡಿದ್ದೆ ಅನ್ನಿಸಿತ್ತು ಎಂದು ಹೇಳಬಹುದಿತ್ತು. ಧೂಳಿತ್ತು, ದೂರ ಇತ್ತು ಎಂದೂ ಹೇಳಬಹುದಿತ್ತು. ಎರಡೂ ಸುಳ್ಳಲ್ಲ.

"ಇಲ್ಲ" ಅಂದೆ. "ಚುಕ್ಕೆ ನೋಡಿದ್ಮೇಲೆ ಅದನ್ನೂ ನೋಡ್ದಂಗಾಯ್ತು. ನಿನ್ ಮಾತಿಗಿಂತ ಆ ಹಾಳೆನೇ ದೊಡ್ಡದಾಗೋಯ್ತು ನಂಗೆ."

ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಹತ್ತಿರದವನು ಅನ್ನಿಸುತ್ತಿತ್ತು.

"ಸರಿ ಅತ್ಗೆ" ಅಂದ. "ಬಿಸ್ಲು ಜಾಸ್ತಿ ಆಯ್ತದೆ, ಹೊರಡಿ ನೀವು. ಇಲ್ಲಿ ಬಸ್ಸು ಬೇಗ ಸಿಗಲ್ಲ."

ಮತ್ತೆ ಸಾರವೆ ಹತ್ತಿದ, ಅದೇ ರೀತಿ, ಪ್ರತಿ ಮೆಟ್ಟಿಲಲ್ಲೂ ನಿಂತು ನಿಂತು. ಅವನು ಮೇಲೆ ಮುಟ್ಟುವವರೆಗೆ ಗೇಟಿನಲ್ಲಿ ನಿಂತಿದ್ದೆ. ಮೇಲೆ ಮುಟ್ಟಿ ಗೋಡೆಗೆ ತಿರುಗಿ ಕೆಲಸ ಮುಂದುವರಿಸಿದ. ನಾನು ಬಸ್ ಸ್ಟಾಪಿನ ಕಡೆ ನಡೆದೆ.